ಮೇಲಿನ ಮೂರು ಗುಂಡಿ

ಗುಂಡಿ ಬಿಚ್ಚಿದ ಅಂಗಿ ಆ ಮನೆಯ ಹೊಸಿಲು ದಾಟುವಂತಿರಲಿಲ್ಲ. ಅದು ಅತ್ತೆಯ ಕಟ್ಟುನಿಟ್ಟು. ಇಸ್ತ್ರಿ ಮುಗಿದ ಅಂಗಿಗೆ ಕೊರಳಿನಿಂದ ಕೆಳಗಿನವರೆಗೆ ಎಲ್ಲ ಗುಂಡಿ ಹಾಕಿ, ಬೋರಲು ಮಲಗಿಸಿ, ತೋಳುಗಳನ್ನು ಬೆನ್ನಿನ ಮೇಲೆ ತಂದು ಮಡಿಸಬೇಕು. ಮುಂದಿನ ಬೀದಿಯವನು ಒಂದು ಬಿಟ್ಟು ಒಂದು ಗುಂಡಿ ಹಾಕಿ ಬೇಗ ಕೊಡುತ್ತಾನೆಂದು ಯಾರಾದರೂ ಹೇಳಿದರೆ, "ಹಾಗಾದ್ರೆ ಅಲ್ಲೇ ಕೊಡಿ. ಅರ್ಧ ಬಟ್ಟೆಗೆ ಇಸ್ತ್ರಿ ಮಾಡ್ತಾನೆ, ಅರ್ಧಕ್ಕೆ ಗಾಳಿ ಊದ್ತಾನೆ" ಎನ್ನುತ್ತಿದ್ದರು.

ಇನ್ನೊಂದು ಕಟ್ಟುನಿಟ್ಟು ಕೆಂಡದ್ದು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಎರಡು ಮೇಜು, ಎರಡು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಒಂದು ಅತ್ತೆಯದು, ಒಂದು ಸೊಸೆಯದು. ಪೆಟ್ಟಿಗೆಯಲ್ಲಿ ಕೆಂಡ ಇರುವ ತನಕ ಕೈ ನಿಲ್ಲಬಾರದು. ಬೆಳಿಗ್ಗೆಯ ಕೆಂಡ ಮನೆಗಳ ಬಟ್ಟೆಗೆ, ಮಧ್ಯಾಹ್ನದ ಕೆಂಡ ಮೂಲೆಯ ಲಾಡ್ಜಿನ ಹಾಸಿಗೆ ಬಟ್ಟೆಗೆ. ಮಾವ ಇದ್ದಿಲು ತುಂಬುತ್ತಿದ್ದರು, ಮಡಿಸುತ್ತಿದ್ದರು, ಪೆಟ್ಟಿಗೆ ಮಾತ್ರ ಮುಟ್ಟುವಂತಿರಲಿಲ್ಲ. ಬಹಳ ಹಿಂದೆ ವಕೀಲರೊಬ್ಬರ ಕರಿ ಕೋಟಿನ ಬೆನ್ನಿಗೆ ಪೆಟ್ಟಿಗೆಯ ಅಚ್ಚು ಮೂಡಿಸಿದ ಮೇಲೆ ಅವರಿಗೆ ಈ ನಿಷೇಧ ಬಿದ್ದಿತ್ತು. "ವಕೀಲರು ಆ ಕೇಸು ಗೆದ್ದರು, ನಾನು ಮಾತ್ರ ಇನ್ನೂ ಶಿಕ್ಷೆ ಅನುಭವಿಸ್ತಿದೀನಿ" ಎನ್ನುವುದು ಅವರ ಹಳೆಯ ದೂರು.

ಸೊಸೆಗೆ ಬಟ್ಟೆಯ ಮೇಲೆ ಕಣ್ಣು ಹೆಚ್ಚು. ಜೇಬಿನಲ್ಲಿ ಮರೆತ ಬಸ್ ಟಿಕೆಟ್ಟು, ಕಾಲರಿನ ಒಳಗಿನ ಸವೆತ, ಅಂಚು ಬಿಟ್ಟ ಹೊಲಿಗೆ ಎಲ್ಲ ಅವಳಿಗೆ ಕಾಣುತ್ತಿತ್ತು, ಕಂಡದ್ದು ಮನಸ್ಸಿನಿಂದ ಹೋಗುತ್ತಿರಲಿಲ್ಲ. ಹಾಗೆಯೇ ಟಾರ್ಚು ತಾತನ ಅಂಗಿಗಳು ಕಂಡವು. ಎದುರು ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ ಮುದುಕರು. ಈಗ ಮುಚ್ಚಿರುವ ಚಿತ್ರಮಂದಿರದಲ್ಲಿ ಕತ್ತಲೆಯಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುತ್ತಿದ್ದವರು. ಸೊಸೆಯ ಮಗಳು, ಹೈಸ್ಕೂಲು ಓದುವ ಹುಡುಗಿ, ಶಾಲೆಯಿಂದ ಬಂದು ಆ ಕಟ್ಟಡದ ಬಟ್ಟೆಗಳನ್ನು ತರುತ್ತಿದ್ದಳು, ಕೊಡುತ್ತಿದ್ದಳು. ತಾತನದು ವಾರಕ್ಕೆ ಒಂದು ಗಂಟು, ನಾಲ್ಕು ಅರ್ಧ ತೋಳಿನ ಅಂಗಿ. ಆ ವಾರ ಸೊಸೆ ನೋಡುತ್ತಾಳೆ, ನಾಲ್ಕಕ್ಕೂ ಮೇಲಿನ ಮೂರು ಗುಂಡಿಗಳಿಲ್ಲ.

"ಆ ತಾತ ಈಚೆಗೆ ಸೆಕೆಯಲ್ಲೂ ಮಫ್ಲರ್ ಸುತ್ಕೊಂಡಿರ್ತಾರಲ್ಲಮ್ಮ" ಎಂದಳು ಮಗಳು. "ನಂಗೇ ಬೆವರು ಬರುತ್ತೆ ಅವರನ್ನ ನೋಡಿದ್ರೆ."

ಸೊಸೆಗೆ ಎಲ್ಲ ಹೊಳೆದುಹೋಯಿತು. ಗುಂಡಿ ಹೊಲಿದುಕೊಡುವವರಿಲ್ಲ, ಕೊರಳು ಮುಚ್ಚಿಕೊಳ್ಳಲು ಮಫ್ಲರು. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ಬೇಯುವಷ್ಟು ಹೊತ್ತು ಅವಳದೇ. ಡಬ್ಬಿಯಿಂದ ಬಿಳಿ ಗುಂಡಿ ಹೆಕ್ಕಿ, ದಾರವನ್ನು ಎರಡೆಳೆ ಮಾಡಿ, ಗಟ್ಟಿಯಾಗಿ ಹೊಲಿಯತೊಡಗಿದಳು. ಅಂಗಿಯಲ್ಲಿ ಉಳಿದಿದ್ದ ಹಳೆಯ ದಾರದ ತುದಿಗಳು ಕಿತ್ತುಹೋದಂತಿರಲಿಲ್ಲ, ಬ್ಲೇಡಿನಲ್ಲಿ ಕೊಯ್ದಂತೆ ನೇರವಾಗಿದ್ದವು. ಅದೂ ಕಂಡಿತು. ಆದರೆ ಆಲೂಗಡ್ಡೆಯ ನೀರು ಉಕ್ಕಿ ಒಲೆ ಆರಿತು, ಎದ್ದು ಹೋದಳು.

"ಇದು ಇಸ್ತ್ರಿ ಮನೆನೋ, ಟೈಲರ್ ಅಂಗಡಿನೋ?" ಅತ್ತೆ ಮೇಜಿನ ಆಚೆಯಿಂದ ಕೇಳಿದರು.

"ನಾಲ್ಕೇ ಅಂಗಿ, ಅತ್ತೆ."

"ಇವತ್ತು ನಾಲ್ಕು. ನಾಳೆ ಬೀದಿಯೋರೆಲ್ಲ ಹರಿದಿದ್ದು ತಂದು ಸುರೀತಾರೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಗಾದೆ ಸುಮ್ನೆ ಆಗಿಲ್ಲ."

"ಅವರು ಕೇಳಿಲ್ಲ. ನಾನೇ ಹೊಲಿದಿದ್ದು."

"ಕೇಳದೇ ಇದ್ದೋರಿಗೆ ಮಾಡೋದು ಇನ್ನೂ ಅಪಾಯ."

"ಬಿಡೇ" ಎಂದರು ಮಾವ. "ಗುಂಡಿ ತಾನೆ. ಕೋಟು ಸುಟ್ಟಿಲ್ಲವಲ್ಲ."

ನಾಲ್ಕೂ ಅಂಗಿಗಳಿಗೆ ಸ್ವಲ್ಪ ಹೆಚ್ಚೇ ಗಂಜಿ ಹಾಕಿ, ಇಸ್ತ್ರಿ ಮಾಡಿ, ಮನೆಯ ಪದ್ಧತಿಯಂತೆ ಕೊರಳಿನವರೆಗೂ ಗುಂಡಿ ಹಾಕಿ ಮಡಿಸಿದಳು ಸೊಸೆ. ಅಂದು ಊಟಕ್ಕೆ ಕುಳಿತಾಗ ಅವಳಿಗೆ ಒಳಗೊಳಗೇ ಒಂದು ಹಿಗ್ಗು. ಬಸ್ ಡಿಪೋದಿಂದ ಮೈಯೆಲ್ಲ ಗ್ರೀಸು ಮಾಡಿಕೊಂಡು ಬಂದಿದ್ದ ಗಂಡ ಬೆಂದೂ ಬೇಯದ ಆಲೂಗಡ್ಡೆ ಕಚ್ಚಿ, "ಇದು ತಿನ್ನೋದಕ್ಕಾ, ಟೈರಿನ ಕೆಳಗೆ ಇಡೋದಕ್ಕಾ?" ಎಂದದ್ದೂ ಅವಳಿಗೆ ಬೇಸರ ತರಲಿಲ್ಲ.

ಮುಂದಿನ ವಾರ ಮಗಳು ಬರಿಗೈಯಲ್ಲಿ ಬಂದಳು.

"ಟಾರ್ಚು ತಾತ ಬಟ್ಟೆ ಕೊಡಲಿಲ್ಲ. ಬಾಗಿಲೂ ಪೂರ್ತಿ ತೆಗೀಲಿಲ್ಲ. ನಿಮ್ಮಮ್ಮನಿಗೆ ಹೇಳು, ಉಪಕಾರ ತುಂಬಾ ಆಯ್ತು, ಇನ್ನು ಸಾಕು ಅಂತ ಅಂದ್ರು."

"ಉಪಕಾರ ಆಯ್ತು ಅಂದ್ರಾ, ಸಾಕು ಅಂದ್ರಾ?"

"ಎರಡೂ ಅಂದ್ರು. ಮುಖ ನೋಡಿದ್ರೆ ಸಾಕು ಅನ್ನೋದೇ ನಿಜ ಅನ್ನಿಸ್ತು."

ಅದಾಗಿ ಎರಡು ದಿನಕ್ಕೆ ಒಬ್ಬಳು ಹೆಂಗಸು ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ತಾತನ ಅಂಗಿ. ತಾತನ ಅಣ್ಣನ ಮಗಳಂತೆ, ಊರಿನ ಆ ಕೊನೆಯಲ್ಲಿ ಔಷಧಿ ಅಂಗಡಿ ನೋಡಿಕೊಳ್ಳುವವಳು, ತಿಂಗಳಿಗೊಮ್ಮೆ ಬಂದು ಹೋಗುವವಳು. ನಿದ್ದೆಗೆಟ್ಟ ಮುಖ.

"ಈ ಗುಂಡಿ ಹೊಲಿದಿದ್ದು ಯಾರು?"

ಅತ್ತೆ ಪೆಟ್ಟಿಗೆ ಎತ್ತಿ ನಿಲ್ಲಿಸಿದರು. ಸೊಸೆ, "ನಾನು" ಎಂದಳು.

"ಜಗಳಕ್ಕೆ ಬಂದಿಲ್ಲ. ತಿಳ್ಕೊಳ್ಳೋಕೆ ಬಂದೆ, ಅಷ್ಟೇ. ನಮ್ಮ ಚಿಕ್ಕಪ್ಪನಿಗೆ ಬಲಗೈ ಬೆರಳು ಆಡಲ್ಲ. ಹೋದ ತಿಂಗಳು ಜ್ವರ ಬಂತು ಅಂದಿದ್ರಲ್ಲ, ಅದು ಜ್ವರ ಅಲ್ಲ, ಲಕ್ವ. ನಂಗೂ ಹೇಳಿರಲಿಲ್ಲ. ಕೈ ಜೇಬಲ್ಲಿ ಇಟ್ಕೊಂಡೇ ಓಡಾಡಿದಾರೆ. ಗುಂಡಿ ಹಾಕೋಕಾಗಲ್ಲ, ತೆಗೆಯೋಕೂ ಆಗಲ್ಲ ಅಂತ ತಾವೇ ಮೇಲಿನ ಮೂರನ್ನ ಕತ್ತರಿಸಿ ಹಾಕಿದ್ರಂತೆ. ಕೆಳಗಿನದು ನಿಮ್ಮ ಮನೇಲಿ ಹಾಕ್ಕೊಂಡೇ ಬರುತ್ತಲ್ಲ. ತಲೆ ಮೇಲಿಂದ ಬನಿಯನ್ ಥರ ಇಳಿಸ್ಕೊಂಡು ಮಫ್ಲರ್ ಸುತ್ಕೊಳ್ತಿದ್ರು."

ಸೊಸೆ ಅಂಗಿಯ ಕೊರಳು ನೋಡಿದಳು. ಮೂರು ಗುಂಡಿ, ಎರಡೆಳೆ ದಾರ, ಗಂಜಿಯಲ್ಲಿ ಬಿರುಸಾದ ಕಾಜಾ.

"ನಾನು ಮೊನ್ನೆ ಬಂದಾಗ ತಲೆ ಅಂಗಿಯೊಳಗೆ ಸಿಕ್ಕಿಹಾಕ್ಕೊಂಡು, ಒಂದು ಕೈ ಮೇಲೆತ್ಕೊಂಡು, ಬೀರುಗೆ ಒರಗಿ ಕೂತಿದ್ರು. ಎಷ್ಟು ಹೊತ್ತಿಂದಲೋ ಗೊತ್ತಿಲ್ಲ. ಹಣೆ ಒಡೆದಿತ್ತು." ಅವಳು ಅಂಗಿಯನ್ನು ಮೇಜಿನ ಮೇಲಿಟ್ಟಳು. "ನಿಮ್ಮ ತಪ್ಪು ಅಂತಲ್ಲ. ಒಂದು ಲೆಕ್ಕಕ್ಕೆ ಗೊತ್ತಾಗಿದ್ದು ಒಳ್ಳೇದೇ ಆಯ್ತು. ಇನ್ನು ಒಬ್ಬರನ್ನೇ ಬಿಡೋ ಹಾಗಿಲ್ಲ. ಮುಂದಿನ ತಿಂಗಳು ಬಂದು ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಕೋಣೆ ಖಾಲಿ ಮಾಡಿಸ್ತೀನಿ."

"ಅವರು ಬರ್ತೀನಿ ಅಂದ್ರಾ?" ಎಂದರು ಮಾವ.

"ನನ್ನ ಬಾಗಿಲ ಬೀಗದ ಕೈ ನನ್ನ ಹತ್ರ ಇರ್ಲಿ ಅಂತ ಒಂದೇ ಸಮ ಹೇಳ್ತಾರೆ. ಸ್ವಂತ ಅಂಗಿ ಹಾಕ್ಕೊಳ್ಳೋಕಾಗದ ಮನುಷ್ಯ, ಬೀಗದ ಕೈ ಇಟ್ಕೊಂಡು ಏನ್ಮಾಡ್ತಾರೆ, ನೀವೇ ಹೇಳಿ."

ಅವಳು ಹೋದ ಮೇಲೆ ಅತ್ತೆ ಬಯ್ಯುತ್ತಾರೆಂದು ಸೊಸೆ ಕಾದಳು. ಅತ್ತೆ ಒಂದು ದಿಂಬಿನ ಚೀಲ ಇಸ್ತ್ರಿ ಮಾಡಿ ಮುಗಿಸಿ, ಬದಿಗಿಟ್ಟು, ಹೇಳಿದರು:

"ಗುಂಡಿ ಹೊಲಿಯೋಕೆ ಹೊತ್ತಿತ್ತು. ಮೇಲೆ ಹೋಗಿ ಒಂದು ಮಾತು ಕೇಳೋಕೆ ಇರಲಿಲ್ಲ, ಅಲ್ವಾ?"

ಬೈದಿದ್ದರೆ ವಾಸಿಯಿತ್ತು.

ಮರುದಿನ ಬೆಳಿಗ್ಗೆಯ ಕೆಂಡ ಮುಗಿಯುತ್ತಲೇ ಸೊಸೆ ಸೆರಗಿಗೆ ಕೈ ಒರೆಸಿಕೊಂಡು ಬೀದಿ ದಾಟಿದಳು. ಇಷ್ಟು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಎಲ್ಲ ಮಗಳೇ ಹತ್ತಿದ್ದಳು.

"ಯಾರು?"

"ಇಸ್ತ್ರಿ ಮನೆಯವಳು, ತಾತ."

"ಬಟ್ಟೆ ಇಲ್ಲ."

"ಬಟ್ಟೆಗೆ ಬಂದಿಲ್ಲ."

"ಓಹೋ, ಗುಂಡಿಗೆ ಬಂದ್ರಾ? ಇನ್ನು ಹೊಲಿಯೋಕೆ ಬಾಯಿ ಒಂದು ಉಳಿದಿದೆ."

ಬಾಗಿಲು ಅಂಗೈಯಗಲ ತೆರೆಯಿತು. ತಾತ ಬನಿಯನ್ನಿನ ಮೇಲೆ ಮಫ್ಲರು ಸುತ್ತಿಕೊಂಡಿದ್ದರು. ಹಣೆಗೆ ಪಟ್ಟಿ. ಅವರ ಹಿಂದೆ ಒಂದೇ ಕೋಣೆ: ಹಾಸಿದ ಮಂಚ, ಮಗುಚಿಟ್ಟ ಒಂದು ಲೋಟ, ಗೋಡೆಯ ಮೊಳೆಗೆ ನೇತುಹಾಕಿದ ಹಳೆಯ ಉದ್ದ ಟಾರ್ಚು. ಎಲ್ಲ ಓರಣ. ಎಡಗೈಗೆ ಎಟುಕುವಂತೆ ಎಲ್ಲವನ್ನೂ ಎಡಕ್ಕೆ ಜೋಡಿಸಿದ್ದಾರೆಂದು ಸೊಸೆಗೆ ಕಂಡಿತು.

"ತಪ್ಪಾಯ್ತು, ತಾತ. ಕೇಳದೆ ಮಾಡಿದೆ. ಅಂಗಿ ಕೊಡಿ, ಈಗಲೇ ಬಿಚ್ಚಿ ಕೊಡ್ತೀನಿ."

"ಬಿಚ್ಚಿದ್ರೆ ಏನು ಬಂತು? ಅವಳು ನೋಡಾಯ್ತಲ್ಲ. ಬ್ಲೇಡು ತಗೊಂಡು ಸ್ವಂತ ಅಂಗಿ ಹಾಳು ಮಾಡ್ಕೊಂಡಿದೀರ, ನಿಮಗೆ ತಲೆ ಸರಿ ಇದೆಯಾ ಅಂದ್ಳು." ಅವರು ಮಫ್ಲರನ್ನು ಎಡಗೈಯಲ್ಲೇ ಬಿಗಿ ಮಾಡಿಕೊಂಡರು. "ನೋಡಮ್ಮ, ಬದುಕೆಲ್ಲ ಕತ್ತಲಲ್ಲಿ ಜನಕ್ಕೆ ದಾರಿ ತೋರಿಸ್ದೋನು ನಾನು. ಟಾರ್ಚು ಹಿಡೀಬೇಕು, ಅವರೇ ಹೋಗಿ ಕೂರ್ತಾರೆ. ಕೈ ಹಿಡಿದು ಕೂರಿಸಿದ್ರೆ ಬೈತಾರೆ. ನಿಮ್ಮದು ಕೂರಿಸೋ ಜಾತಿ."

"ಹೌದು" ಎಂದಳು ಸೊಸೆ. "ನೀವು ಹೇಗೆ ಹಾಕ್ಕೊಳ್ತೀರ ಅಂತ ನಂಗೆ ತೋರಿಸ್ತೀರಾ?"

"ಏನನ್ನ?"

"ಅಂಗಿ. ಬನಿಯನ್ ಮೇಲೇ ಹಾಕ್ಕೊಂಡು ತೋರಿಸಿ. ನೋಡಿದ್ರೆ ಏನಾದ್ರೂ ಮಾಡಬಹುದು. ನೋಡದೆ ಮಾಡಿದ್ದಕ್ಕೇ ಹೀಗಾಗಿದ್ದು."

ತಾತ ಬಾಗಿಲನ್ನು ಇನ್ನಷ್ಟು ತೆರೆದರು.

ಸೊಸೆ ಮನೆಗೆ ಬರುವಷ್ಟರಲ್ಲಿ ಅತ್ತೆಯ ಪೆಟ್ಟಿಗೆಯಲ್ಲಿ ಮಧ್ಯಾಹ್ನದ ಕೆಂಡ ಬಿಳಿಚಿಕೊಂಡಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಅವಳು ಎಲ್ಲರಿಗೂ ಬಡಿಸಿ, ನಿಂತೇ ಹೇಳಿದಳು:

"ಕಾಜಾ ಹೊಲಿದು ಮುಚ್ಚಿ, ಅದರ ಮೇಲೆ ಗುಂಡಿ ಕೂರಿಸ್ತೀನಿ, ನೋಡೋರಿಗೆ ಗುಂಡಿ ಹಾಕಿದ ಹಾಗೇ ಕಾಣುತ್ತೆ. ಅದರಡಿ ಟಿಚ್ ಬಟನ್. ಒಂದೇ ಬೆರಳಲ್ಲಿ ಎದೆಗೆ ಒತ್ತಿದ್ರೆ ಕೂರುತ್ತೆ, ಎಳೆದ್ರೆ ಬಿಡುತ್ತೆ. ಅವರೇ ಹಾಕ್ಕೊಳ್ಳಬಹುದು. ಆದ್ರೆ ಹಾಕಿ ನೋಡ್ಬೇಕು, ತೆಗೀಬೇಕು, ಜಾಗ ಬದಲಾಯಿಸ್ಬೇಕು. ಅದಕ್ಕೆ ದಿನಾ ಮಧ್ಯಾಹ್ನ ಕೆಂಡ ತುಂಬೋ ಹೊತ್ತಲ್ಲಿ ನಾನು ಮೇಲೆ ಹೋಗ್ತೀನಿ."

"ಲಾಡ್ಜಿನ ಬಟ್ಟೆ?" ಎಂದರು ಅತ್ತೆ.

"ಬಂದು ಮಾಡ್ತೀನಿ."

"ಬಂದು ಮಾಡೋಕೆ ಕೆಂಡ ನಿನ್ನ ನೆಂಟನಾ, ಕಾದು ಕೂರೋಕೆ? ಕೆಲಸ ಮುಗಿದ ಮೇಲೆ ಹೊಲಿ. ಆಲೂಗಡ್ಡೆ ಬೇಯೋವಾಗ ಹೊಲಿದೆಯಲ್ಲ, ಹಾಗೆ."

"ಹಾಗೆ ಹೊಲಿದಿದ್ದಕ್ಕೇ ಅವರ ಹಣೆ ಒಡೀತು. ಮಿಕ್ಕಿದ ಹೊತ್ತಲ್ಲಿ ಮಾಡಿದೆ, ಮಿಕ್ಕಿದ ಹಾಗೇ ಆಯ್ತು. ಈ ಸಲ ಮಿಕ್ಕಿದ್ದು ಬೇಡ ಅತ್ತೆ, ಹೊತ್ತೇ ಬೇಕು."

ಅತ್ತೆ ತಟ್ಟೆಯಿಂದ ತಲೆಯೆತ್ತಿದರು. ಈ ಮನೆಗೆ ಬಂದಾಗಿನಿಂದ ಸೊಸೆ ಬೇಕು ಎಂದದ್ದು ಕಡಿಮೆ.

"ನೀನು ಏನಾದ್ರೂ ಹೇಳೋ" ಎಂದು ಮಗನ ಕಡೆ ತಿರುಗಿದರು.

"ನನ್ನ ಮಧ್ಯಕ್ಕೆ ಎಳೀಬೇಡಿ" ಎಂದ ಗಂಡ. "ನಾನು ದಿನಾ ಬಸ್ಸಿನ ಕೆಳಗೆ ಮಲಗೋನು. ಅಲ್ಲೇ ಸುಖ ಇದೆ."

"ರೀ, ಸುಖದ ಮಾತಲ್ಲ ಇದು."

"ಸರಿ ಕಣೆ, ಏನ್ಮಾಡ್ಬೇಕು?"

"ಡಿಪೋಗೆ ಹೋಗೋವಾಗ ಲಾಡ್ಜಿನ ಗಂಟು ತಂದು ಹಾಕಿ ಹೋಗಿ. ನಾನು ಅದಕ್ಕೆ ಓಡೋದು ತಪ್ಪುತ್ತೆ."

ಅವನು ತಲೆಯಾಡಿಸಿದ. ಅತ್ತೆ ಊಟ ಮುಗಿಸದೆ ಎದ್ದರು.

ಮೊದಲ ವಾರ ಏನೂ ಕೂಡಿಬರಲಿಲ್ಲ. ಅಂಗಡಿಯಿಂದ ತಂದ ಹೊಸ ಟಿಚ್ ಬಟನ್ ಕಲ್ಲಿನಂತಿತ್ತು. ತಾತ ಎಡಗೈ ಹೆಬ್ಬೆರಳಿನಿಂದ ಒತ್ತಿದರೆ ಎದೆಯ ಮೂಳೆ ನೋಯುತ್ತಿತ್ತೇ ಹೊರತು ಬಟನ್ ಕೂರುತ್ತಿರಲಿಲ್ಲ. ಕೂತದ್ದು ಬಿಡುತ್ತಿರಲಿಲ್ಲ. "ಇದೇನಮ್ಮ, ಅಂಗಿನೋ ಬ್ಯಾಂಕಿನ ತಿಜೋರಿನೋ?" ಎಂದರು. ಸೊಸೆ ಬಿಚ್ಚಿದಳು, ಬೇರೆ ಕಡೆ ಹೊಲಿದಳು, ಮತ್ತೆ ಬಿಚ್ಚಿದಳು. ಒಂದೆರಡು ಸಲ ಅವಳ ಕೈ ತಾನಾಗಿ ಅವರ ಕೊರಳಿನತ್ತ ಹೋಯಿತು. ತಾತ ಹಿಂದೆ ಸರಿದು ಗೋಡೆಯ ಟಾರ್ಚಿನ ಕಡೆ ಬೆರಳು ತೋರಿಸಿದರು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಅದೇ ವಾರ ಲಾಡ್ಜಿನ ಗುಮಾಸ್ತ ಸಂಜೆ ಬಂದಾಗ ಹಾಸಿಗೆ ಬಟ್ಟೆ ಅರ್ಧವಾಗಿತ್ತು. ಅವನು ಬಾಗಿಲಲ್ಲೇ ನಿಂತು, "ಅಮ್ಮ, ನಿಮ್ಮ ಮನೇಲಿ ಹೀಗಾಗಿದ್ದು ನಾನು ನೋಡೇ ಇಲ್ಲ. ಮ್ಯಾನೇಜರ್‌ಗೆ ಏನಂತ ಹೇಳ್ಲಿ?" ಎಂದ. ಅವನು ಅರ್ಧ ಗಂಟು ಹೊತ್ತುಕೊಂಡು ಹೋದ ಮೇಲೆ ಅತ್ತೆ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಕುಕ್ಕಿದರು.

"ಸಾಕಾಯ್ತಾ? ಬೀದಿ ಜನರ ಮುಂದೆ ಮುಖ ತಗ್ಗಿಸೋ ಹಾಗಾಯ್ತು. ಒಬ್ಬ ಮುದುಕನ ಅಂಗಿಗೆ ಇಡೀ ಮನೆ ಬಟ್ಟೆ ಬಿಚ್ಕೋಬೇಕಾ?"

"ನಾನು ಇನ್ನೂ ಬೇಗ ಎದ್ದು ಮಾಡ್ತೀನಿ. ಆದ್ರೆ ಅದನ್ನ ನಿಲ್ಲಿಸಲ್ಲ, ಅತ್ತೆ."

"ಯಾಕೆ? ಅವರು ಅಣ್ಣನ ಮಗಳ ಮನೇಲಿ ಕೂತು ಬಿಸಿ ಊಟ ಮಾಡ್ತಾರೆ. ಅದೇನು ಜೈಲಾ?"

"ಅವರಿಗೆ ಜೈಲೇ. ಬೆಳಿಗ್ಗೆ ಎದ್ದು, ಅಂಗಿ ಹಾಕ್ಕೊಂಡು, ಬೀಗ ಹಾಕ್ಕೊಂಡು, ಮುಚ್ಚಿದ ಚಿತ್ರಮಂದಿರದ ಎದುರು ಚಹಾ ಅಂಗಡಿಗೆ ಹೋಗಿ ಕೂರ್ತಾರೆ. ಜೊತೆ ಕೆಲಸ ಮಾಡಿದ ಇಬ್ಬರು ಬರ್ತಾರೆ. ಅಷ್ಟೇ ಅವರಿಗಿರೋದು. ನಾನು ಹೊಲಿದು ಅದನ್ನ ಮುಚ್ಚಿಬಿಟ್ಟೆ. ಯಾರೋ ಬಂದು ನಾಳೆಯಿಂದ ಈ ಪೆಟ್ಟಿಗೆ ನಿಮಗೆ ಭಾರ, ಇಡಿ ಕೆಳಗೆ, ಬಿಸಿ ಊಟ ಹಾಕ್ತೀವಿ, ಕೂತ್ಕೊಳ್ಳಿ ಅಂದ್ರೆ ನೀವು ಕೂರ್ತೀರಾ?"

ಮಾವ ಮೆಲ್ಲಗೆ, "ಕೂತಿದೀನಲ್ಲ ನಾನು" ಎಂದರು.

ಯಾರೂ ನಗಲಿಲ್ಲ. ಅವರೂ ನಗಿಸಲೆಂದು ಹೇಳಿದಂತಿರಲಿಲ್ಲ. ಅವರು ಎದ್ದು ಸೊಸೆಯ ಮೇಜಿನ ಬಳಿ ಹೋಗಿ, ಪೆಟ್ಟಿಗೆಯ ಹಿಡಿ ಹಿಡಿದು, ಒಂದು ಹಾಸಿಗೆ ಬಟ್ಟೆಯನ್ನು ಎಳೆದುಕೊಂಡರು.

"ಅದನ್ನ ಮುಟ್ಟಬೇಡಿ" ಎಂದರು ಅತ್ತೆ.

"ಮುಟ್ತೀನಿ. ಕರಿ ಕೋಟು ಅಲ್ಲ, ಹಾಸಿಗೆ ಬಟ್ಟೆ. ಮಲಗೋರು ಕಣ್ಣು ಮುಚ್ಕೊಂಡಿರ್ತಾರೆ. ಮಧ್ಯಾಹ್ನ ಅವಳು ಮೇಲೆ ಹೋಗ್ಲಿ, ಅಷ್ಟು ಹೊತ್ತು ಇದು ನಂದು."

ಅವರ ಮೊದಲ ಬಟ್ಟೆಯಲ್ಲಿ ಮೂಲೆಗೊಂದು ಸುಕ್ಕು ಉಳಿಯಿತು. ಅತ್ತೆ ಅದನ್ನು ಕಂಡರು. ಎರಡನೆಯದನ್ನು ಹಾಸುವಾಗ ಇನ್ನೊಂದು ತುದಿ ಹಿಡಿದುಕೊಂಡರು. "ನೀರು ಚಿಮುಕಿಸ್ಕೊಳ್ಳಿ ಮೊದಲು. ಎಲ್ಲ ಮರೆತಿದೀರ."

ಹೊಸ ಬಟನ್ ಆಗುವುದಿಲ್ಲವೆಂದು ಸೊಸೆ ಮಗಳಿಗೆ ಹೇಳುತ್ತಿದ್ದದ್ದು ಅತ್ತೆಯ ಕಿವಿಗೆ ಬಿದ್ದಿರಬೇಕು. ಮರುದಿನ ಬೆಳಿಗ್ಗೆ ಸೊಸೆ ಚಹಾ ಕಾಸಿ ತರುವಾಗ ಅತ್ತೆ ಗೋಡೆಗೊರಗಿ ಕುಳಿತಿದ್ದರು. ಮಡಿಲಲ್ಲಿ ಒಂದು ಬಟ್ಟೆಯ ಚೀಲ, ಸುತ್ತ ಪುಟ್ಟ ಪುಟ್ಟ ಫ್ರಾಕುಗಳು. ಮೊಮ್ಮಗಳು ಮಗುವಾಗಿದ್ದಾಗಿನವು. ಯಾರಿಗೂ ಕೊಡದೆ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಅವರು ಬ್ಲೇಡಿನಿಂದ ಒಂದೊಂದರ ಭುಜದ ಟಿಚ್ ಬಟನ್ನುಗಳನ್ನು ಬಿಡಿಸುತ್ತಿದ್ದರು.

"ಅಯ್ಯೋ ಅಜ್ಜಿ, ನನ್ನ ಹಳದಿ ಫ್ರಾಕು!" ಎಂದಳು ಮಗಳು.

"ಈಗ ಹಾಕ್ಕೊಳ್ತೀಯಾ? ಒಂದು ಕಾಲೂ ತೂರಲ್ಲ." ಅತ್ತೆ ಒಂದು ಜೊತೆ ಬಟನ್ನನ್ನು ಸೊಸೆಯ ಕೈಗೆ ಹಾಕಿದರು. "ಒತ್ತಿ ನೋಡು. ಇವಳು ದಿನಕ್ಕೆ ಹತ್ತು ಸಲ ಕಿತ್ತು ಬಿಸಾಡ್ತಿದ್ಲು. ಸವೆದು ಬೆಣ್ಣೆ ಆಗಿವೆ. ಹೊಸದು ಗಟ್ಟಿ ಇದ್ದೇ ಇರುತ್ತೆ, ಅದಕ್ಕೇನು ಗೊತ್ತು."

ಸೊಸೆ ಒಂದೇ ಬೆರಳಲ್ಲಿ ಒತ್ತಿದಳು. ಟಕ್ ಎಂದಿತು.

"ಅತ್ತೆ..."

"ಚಹಾ ಆರುತ್ತೆ, ಕೊಡು ಇಲ್ಲಿ. ನಾನೇನೂ ಒಪ್ಪಿಲ್ಲ. ಹಾಳು ಫ್ರಾಕು ಜಾಗ ತಿಂತಿತ್ತು, ಅಷ್ಟೇ."

ಆಮೇಲಿನ ದಿನಗಳಲ್ಲಿ ಮಧ್ಯಾಹ್ನ ಮಾವ ಪೆಟ್ಟಿಗೆ ಹಿಡಿದರು. ಮಗಳು ಶಾಲೆಯಿಂದ ಬಂದವಳೇ ಆಲೂಗಡ್ಡೆ ಸುಲಿದಳು, ಗೊಣಗುತ್ತ ಸುಲಿದಳು, ಪರೀಕ್ಷೆಯಲ್ಲಿ ಆಲೂಗಡ್ಡೆ ಕೇಳಿದರೆ ಮೊದಲನೆಯವಳು ತಾನೇ ಎಂದಳು. ಲಾಡ್ಜಿನ ಬಟ್ಟೆ ಒಂದೊಂದು ದಿನ ಹೊತ್ತಿಗೆ ಮುಗಿಯಿತು, ಒಂದೊಂದು ದಿನ ಗುಮಾಸ್ತ ಬಾಗಿಲಲ್ಲಿ ಕಾದ. ಕಾಯುವಾಗ ಅತ್ತೆ ಅವನಿಗೆ ಚಹಾ ಕೊಟ್ಟರು, ಕೊಟ್ಟು ಮುಖ ಗಂಟಿಕ್ಕಿದರು. ಎದುರು ಕಟ್ಟಡದ ಮೇಲೆ ತಾತ ಮಂಚದ ತುದಿಯಲ್ಲಿ ಕುಳಿತು ಅಂಗಿ ಹಾಕಿದರು, ತೆಗೆದರು, ಬೈದರು, ಮತ್ತೆ ಹಾಕಿದರು. ಮೂರರಲ್ಲಿ ಕೆಳಗಿನ ಎರಡು ಬಟನ್ ಕೂರುತ್ತಿದ್ದವು. ಮೇಲಿನದು, ಕೊರಳ ಹತ್ತಿರದ್ದು, ಕಣ್ಣಿಗೆ ಕಾಣದ್ದರಿಂದ ತಪ್ಪಿಹೋಗುತ್ತಿತ್ತು.

ಅಣ್ಣನ ಮಗಳು ದೊಡ್ಡ ಚೀಲ ಹಿಡಿದುಕೊಂಡು ಬಂದದ್ದನ್ನು ಮೊದಲು ನೋಡಿದ್ದು ಮಗಳು. "ಅಮ್ಮ, ಬಂದ್ರು!"

ಸೊಸೆ ಪೆಟ್ಟಿಗೆ ಇಟ್ಟಳು. ಬೀದಿ ದಾಟುವಾಗ ಹಿಂದೆ ಚಪ್ಪಲಿಯ ಸದ್ದು ಕೇಳಿ ತಿರುಗಿದರೆ ಅತ್ತೆ. "ನೀವ್ಯಾಕೆ ಅತ್ತೆ, ಮೆಟ್ಟಿಲು ಇದೆ" ಎಂದರೆ, "ನನ್ನ ಬಟನ್ ಅದು. ನೋಡ್ಬೇಡ್ವಾ?" ಎಂದರು.

ತಾತ ಬನಿಯನ್ನಿನಲ್ಲಿದ್ದರು. ಅಣ್ಣನ ಮಗಳು ಮಂಚದ ಮೇಲೆ ಚೀಲವನ್ನು ಬಿಚ್ಚಿ, ಅವರ ಟವೆಲು, ಪಂಚೆ ಮಡಿಸಿ ಇಡುತ್ತಿದ್ದಳು. ಇಬ್ಬರು ಹೆಂಗಸರನ್ನು ಕಂಡು ಕೈ ನಿಲ್ಲಿಸಿದಳು.

"ಮತ್ತೇನು ಹೊಲಿದಿದೀರ?"

"ಐದು ನಿಮಿಷ ಕೂತ್ಕೊಳ್ಳಮ್ಮ" ಎಂದರು ತಾತ. "ಸೀಟು ಅಲ್ಲಿದೆ."

ಅವರು ಅಂಗಿಯನ್ನು ಮಂಚದ ಮೇಲೆ ಹರಡಿದರು. ಆಡದ ಬಲಗೈಯನ್ನು ಎಡಗೈಯಿಂದ ಎತ್ತಿ ಮೊದಲು ತೋಳಿಗೆ ತೂರಿಸಿದರು. ತಲೆ ಬಗ್ಗಿಸಿ ಒಳಗೆ ಹೋದರು. ಕೊರಳು ಅಗಲವಾಗಿ ತೆರೆದಿತ್ತು, ತಲೆ ಬಂತು. ಎಡಗೈ ತೂರಿತು. ಅಂಗಿ ಬೆನ್ನಿನಲ್ಲಿ ಮುದುರಿಕೊಂಡಿತ್ತು, ಅವರು ಬೀರುವಿಗೆ ಬೆನ್ನು ಕೊಟ್ಟು ಉಜ್ಜಿ ಅದನ್ನು ಕೆಳಗಿಳಿಸಿದರು. ಅಣ್ಣನ ಮಗಳು ಎದ್ದಳು.

"ಚಿಕ್ಕಪ್ಪ, ನಾನು..."

"ಕೂತ್ಕೊ."

ಕೆಳಗಿನ ಬಟನ್ ಟಕ್ ಎಂದಿತು. ನಡುವಿನದೂ ಕೂತಿತು. ಕೊರಳಿನದಕ್ಕೆ ಹೆಬ್ಬೆರಳು ಹೋಯಿತು, ಒತ್ತಿತು, ಜಾರಿತು. ಮತ್ತೆ ಒತ್ತಿತು, ಮತ್ತೆ ಜಾರಿತು. ಅವರ ಹಣೆಯಲ್ಲಿ ಮಾಯುತ್ತಿದ್ದ ಗಾಯದ ಸುತ್ತ ಬೆವರು. ಸೊಸೆಗೆ ತಪ್ಪು ಎಲ್ಲಿದೆಯೆಂದು ಕಾಣುತ್ತಿತ್ತು, ಒಂದು ಎಳೆಯಷ್ಟು ಎಡಕ್ಕೆ, ಅಷ್ಟೇ. ಅವಳಿಗೆ ಗೊತ್ತಿಲ್ಲದೆ ಕೈ ಮೇಲೆದ್ದಿತು. ಅತ್ತೆ ಅವಳ ಮಣಿಕಟ್ಟನ್ನು ಹಿಡಿದುಕೊಂಡರು. ಇದ್ದಿಲು ಹಿಡಿದು ಒರಟಾದ ಕೈ, ಬಿಗಿಯಾಗಿ ಹಿಡಿದಿತ್ತು.

"ತಾತ" ಎಂದಳು ಸೊಸೆ ಅಲ್ಲಿಂದಲೇ. "ಸ್ವಲ್ಪ ಎಡಕ್ಕೆ."

ಹೆಬ್ಬೆರಳು ಎಡಕ್ಕೆ ಸರಿಯಿತು. ಟಕ್.

ತಾತ ಕೊರಳನ್ನು ತಡವಿ ನೋಡಿಕೊಂಡರು. ಮೂರು ಬಿಳಿ ಗುಂಡಿ ಸಾಲಾಗಿ ನಿಂತಿದ್ದವು, ಯಾರ ಅಂಗಿಯ ಮೇಲಾದರೂ ಇರುವಂತೆ. ಮಫ್ಲರು ಮಂಚದ ಮೇಲೇ ಇತ್ತು. ಅದನ್ನು ಅವರು ಅಣ್ಣನ ಮಗಳ ಚೀಲಕ್ಕೆ ಹಾಕಿದರು.

"ಇದನ್ನ ಬೇಕಾದ್ರೆ ಕರ್ಕೊಂಡು ಹೋಗು. ನನಗೆ ಸೆಕೆ."

ಅವಳು ನಗಲು ಹೋಗಿ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಚೀಲದೊಳಗಿನ ಟವೆಲನ್ನು ತೆಗೆದು ಮಂಚದ ಮೇಲಿಟ್ಟಳು, ಪಂಚೆಯನ್ನೂ ಇಟ್ಟಳು. "ತಿಂಗಳಿಗೊಮ್ಮೆ ಸಾಲದು. ಪ್ರತಿ ಭಾನುವಾರ ಬರ್ತೀನಿ. ಬಂದಾಗ ಹೀಗೇ ಹಾಕ್ಕೊಂಡು ತೋರಿಸ್ಬೇಕು. ತಪ್ಪಿದ ದಿನ ನನ್ನ ಜೊತೆ ಹೊರಡ್ಬೇಕು."

"ಪ್ರತಿ ಭಾನುವಾರ ಒಂದು ಆಟ" ಎಂದರು ತಾತ. "ಆಗ್ಲಿ. ಬೀಗದ ಕೈ?"

ಅಂದು ಬಂದ ಕೂಡಲೇ ತೆಗೆದಿಟ್ಟುಕೊಂಡಿದ್ದ ಅದನ್ನು ಅವಳು ತನ್ನ ಪರ್ಸಿನಿಂದ ತೆಗೆದು ಅವರ ಎಡಗೈಯಲ್ಲಿಟ್ಟಳು.

ಮೆಟ್ಟಿಲಿಳಿಯುವಾಗ ಅತ್ತೆ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಅರ್ಧ ದಾರಿಯಲ್ಲಿ ನಿಂತು ಮೂಗು ಅರಳಿಸಿದರು. "ವಾಸನೆ ಬರ್ತಿದೆಯಾ?"

"ಏನು ವಾಸನೆ ಅತ್ತೆ?"

"ನಿಮ್ಮ ಮಾವ ಸುಡ್ತಿರೋದು."

ಬೀದಿ ದಾಟಿ ಬಂದು ನೋಡಿದರೆ ಒಂದು ದಿಂಬಿನ ಚೀಲದ ಮೇಲೆ ಕಂದು ಬಣ್ಣದ ಅಚ್ಚು ಬಿದ್ದಿತ್ತು. ಮಾವ ಅದನ್ನು ಎತ್ತಿ ಹಿಡಿದು ಮಗುವಿನಂತೆ ನಿಂತಿದ್ದರು. "ಏನಾಯ್ತು ಮೇಲೆ ಅಂತ ಕಿಟಕಿ ನೋಡ್ತಿದ್ದೆ. ಉಳಿದ್ರಾ?"

"ಉಳಿದ್ರು" ಎಂದಳು ಸೊಸೆ.

"ಹಾಗಾದ್ರೆ ದಿಂಬಿನ ಚೀಲ ಹೋದ್ರೆ ಹೋಗ್ಲಿ."

"ಹೋಗ್ಲಿ ಅಂತೆ, ಹೋಗ್ಲಿ" ಎಂದು ಅತ್ತೆ ಅವರ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡರು. ಆದರೆ ಮರುದಿನ ಮಧ್ಯಾಹ್ನ ಅದು ಮತ್ತೆ ಮಾವನ ಕೈಯಲ್ಲಿತ್ತು.

ಆ ವಾರ ತಾತನ ಗಂಟು ಬಂತು. ನಾಲ್ಕು ಅಂಗಿಗಳನ್ನೂ ಅತ್ತೆಯೇ ತೆಗೆದುಕೊಂಡರು, ಗಂಜಿ ಹಾಕಲಿಲ್ಲ. ಇಸ್ತ್ರಿ ಮುಗಿಸಿ, ಕೆಳಗಿನಿಂದ ಗುಂಡಿ ಹಾಕುತ್ತ ಬಂದು ಮೇಲಿನ ಮೂರರ ಬಳಿ ಅವರ ಕೈ ನಿಂತಿತು. ಜೀವಮಾನದ ಅಭ್ಯಾಸ, ಬೆರಳುಗಳು ಒತ್ತಲು ತವಕಿಸುತ್ತಿದ್ದವು.

"ಇದನ್ನ ಹೀಗೇ ಬಿಡ್ಬೇಕಾ? ಬಾಯಿ ಬಿಟ್ಕೊಂಡು?"

"ಹೀಗೇ ಬಿಡಿ ಅತ್ತೆ. ತೆರೆದೇ ಇರ್ಲಿ."

ಅತ್ತೆ ನಿಟ್ಟುಸಿರು ಬಿಟ್ಟು, ಕೊರಳು ತೆರೆದ ಅಂಗಿಯನ್ನು ಬೋರಲು ಮಲಗಿಸಿ, ತೋಳುಗಳನ್ನು ಬೆನ್ನಿನ ಮೇಲೆ ತಂದು ಮಡಿಸಿದರು. ಮಗಳು ಗಂಟಿಗೆ ಕೈ ಚಾಚಿದಳು.

"ನೀನಲ್ಲ" ಎಂದು ಅತ್ತೆ ಗಂಟನ್ನು ಸೊಸೆಯ ಕಡೆ ನೂಕಿದರು. "ನಿಮ್ಮಮ್ಮ ಹೋಗ್ಲಿ. ಹಾಕ್ಕೊಂಡ್ರಾ, ಸರಿಯಾಯ್ತಾ ಅಂತ ಕೇಳ್ಕೊಂಡು ಬರ್ಲಿ."

ಸೊಸೆ ತನ್ನ ಪೆಟ್ಟಿಗೆಯ ಕಡೆ ನೋಡಿದಳು. ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು.

"ಏನು ನೋಡ್ತೀಯ? ಆರಿದ್ರೆ ಮತ್ತೆ ಹೊತ್ತಿಸಿದರಾಯ್ತು. ಹೋಗಿ ಬಾ."